ಮುಕ್ಕಾಲು ಗಂಟೆಯ ಆಟದ ಶಾಲೆ

ವಾಮದಪದವು

ಮಾತಾಡಬಾರದು ಎಂಬ ಶರತ್ತಿನ ಮೇಲೆ ವಿದೇಶಕ್ಕೆ ಹೋದವಳು ನಮ್ಮ ಬಂಟ್ವಾಳ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಶರತ್ತು ಹಾಕಿದವಳು ಶಾರ್ಜಾದಲ್ಲಿರುವ ನನ್ನ ಮಗಳು ಶ್ವೇತಾ. ಟಿಕೆಟ್ ಕಳಿಸಿದ ದಿನವೇ ಫೋನಿನಲ್ಲಿ ಹೇಳಿಬಿಟ್ಟಳು.

“ಅಮ್ಮ, ಒಂದು ವಿಷಯ. ಇಲ್ಲಿ ಬಂದ ಮೇಲೆ ಆದ್ಯಾಳ ಎದುರು ತುಳು ಮಾತಾಡ್ಬೇಡ. ಕನ್ನಡವೂ ಬೇಡ. ಮನೆಯಲ್ಲಿ ಈಗ ಇಂಗ್ಲಿಷ್ ಮಾತ್ರ.”

“ನನಗೆ ಎಲ್ಲಿಯ ಇಂಗ್ಲಿಷ್ ಮಾರಾಯ್ತಿ?”

“ಹಾಗಾದ್ರೆ ಸುಮ್ಮನೆ ಇರು. ನಾಲ್ಕು ಭಾಷೆ ಕಿವಿಗೆ ಬಿದ್ದು ಬಿದ್ದು ಮಗುವಿಗೆ ಗೊಂದಲ ಆಗಿದೆ. ಅದಕ್ಕೇ ಮಾತು ಬರ್ಲಿಲ್ಲ. ಕ್ಲಾಸಲ್ಲಿ ಬರುವ ಅಮ್ಮಂದಿರೆಲ್ಲ ಅದನ್ನೇ ಹೇಳ್ತಾರೆ.”

ಇದನ್ನೂ ಅವಳು ಹೇಳಿದ್ದು ತುಳುವಿನಲ್ಲೇ. ನಮ್ಮ ಮನೆಯ ಮಾತೆಲ್ಲ ತುಳು; ಇಲ್ಲಿ ಓದುವವರಿಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಆದ್ಯಾ ನನ್ನ ಒಬ್ಬಳೇ ಮೊಮ್ಮಗಳು. ಹುಟ್ಟಿದ್ದು ಇಲ್ಲಿ, ನನ್ನ ಕೈಯ ಬಾಣಂತನದಲ್ಲಿ. ಐದು ತಿಂಗಳಾದಾಗ ತಾಯಿಯ ಜೊತೆ ವಿಮಾನ ಹತ್ತಿದವಳನ್ನು ಆಮೇಲೆ ನಾನು ಫೋನಿನಲ್ಲಿ ಮಾತ್ರ ಕಂಡದ್ದು. ಎರಡು ವರ್ಷ ತುಂಬಿ ಎರಡು ತಿಂಗಳಾದರೂ ಅವಳ ಬಾಯಿಂದ ಒಂದು ‘ಅಮ್ಮ’ ಬಂದಿರಲಿಲ್ಲ. ನಗುತ್ತಿದ್ದಳು, ಕೈ ಬೀಸುತ್ತಿದ್ದಳು, ಆದರೆ ಮಾತಿಲ್ಲ. ನಮ್ಮ ಕಡೆ ಮಾತು ತಡವಾಗಿ ಬಂದ ಮಕ್ಕಳು ಬೇಕಾದಷ್ಟಿದ್ದಾರೆ ಎಂದು ಮಗಳಿಗೆ ಸಮಾಧಾನ ಹೇಳಿದೆ. ನನಗೆ ನಾನೇ ಸಮಾಧಾನ ಹೇಳಿಕೊಳ್ಳಲಾಗದೆ ಒಂದು ಹರಕೆ ಹೊತ್ತೆ. ಬೆಳ್ತಂಗಡಿಯ ಆಚೆ ಒಂದು ದೇವಸ್ಥಾನ ಉಂಟು. ಅಲ್ಲಿ ಬೇಡಿಕೊಂಡದ್ದರ ಮಣ್ಣಿನ ರೂಪವನ್ನು ಒಪ್ಪಿಸುವುದು ಕ್ರಮ. ಮನೆ ಬೇಕಾದವರು ಮಣ್ಣಿನ ಮನೆ, ಸಂತಾನ ಬೇಕಾದವರು ಮಣ್ಣಿನ ಮಗು ಒಪ್ಪಿಸುತ್ತಾರೆ. ನಾನು ಮಣ್ಣಿನ ನಾಲಿಗೆ ಎಂದು ಹೇಳಿಕೊಂಡೆ.

ಮಗಳು ಹೇಳುವ ಆ ಕ್ಲಾಸು ಕೂಸುಗಳಿಗೆ ಮತ್ತು ಆಗಷ್ಟೇ ನಡೆಯಲು ಕಲಿತವರಿಗೆ ಆಟ ಆಡಿಸುವ ಕ್ಲಾಸು. ವಾರಕ್ಕೆ ಎರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಮೂವತ್ತೊಂದು ವರ್ಷ ಅಂಗನವಾಡಿ ಟೀಚರಾಗಿ ದುಡಿದು ಹೋದ ವರ್ಷ ಬಿಡುಗಡೆಯಾದ ನನಗೆ ಇದು ಕೇಳಿ ನಗು ಬಂದಿತ್ತು. ನಾನು ಮಕ್ಕಳನ್ನು ಆಡಿಸಿದರೆ ಊರಿನವರು “ಟೀಚರಿಗೆ ಬೇರೆ ಕೆಲಸ ಇಲ್ಲ” ಎನ್ನುತ್ತಿದ್ದರು. ಅಲ್ಲಿ ಅದಕ್ಕೆ ಫೀಸು!

ವಾಮದಪದವಿನಲ್ಲಿ ಟೈಲರ್ ಅಂಗಡಿ ಇಟ್ಟಿರುವ ನನ್ನ ಗಂಡ ಮಾತ್ರ ನಗಲಿಲ್ಲ. “ನೀನು ಹೋಗಿ ಮಗುವನ್ನು ಒಮ್ಮೆ ಸರಿಯಾಗಿ ನೋಡಿ ಬಾ. ಮಕ್ಕಳನ್ನು ಕಂಡವಳಲ್ವಾ ನೀನು?” ಎಂದರು. ಆ ಮಾತಿನ ಭಾರ ಆಗ ನನಗೆ ಗೊತ್ತಾಗಲಿಲ್ಲ.

ಮಂಗಳೂರು ವಿಮಾನ ನಿಲ್ದಾಣ

ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಎಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹೋಯಿತು. ನನ್ನ ಕೈಚೀಲದಲ್ಲಿ ಇದ್ದದ್ದು ಎರಡು ಗೆರಟೆ. ತೆಂಗಿನಕಾಯಿಯ ಚಿಪ್ಪನ್ನು ನಯವಾಗಿ ಉಜ್ಜಿ, ಎಣ್ಣೆ ಕುಡಿಸಿ ಇಟ್ಟದ್ದು. ಒಂದಕ್ಕೊಂದು ಬಡಿದರೆ ಕುದುರೆ ಓಡಿದ ಹಾಗೆ ಟಕಟಕ ಎನ್ನುತ್ತದೆ. ಅಂಗನವಾಡಿಯಲ್ಲಿ ನನ್ನ ದೊಡ್ಡ ಆಸ್ತಿ ಅದು. ಎಂಥ ಅಳುವ ಮಗುವೂ ಗೆರಟೆ ಸದ್ದಿಗೆ ಅಳು ನಿಲ್ಲಿಸಿ ತಿರುಗಿ ನೋಡುತ್ತಿತ್ತು.

ತಪಾಸಣೆಯವನು ಅದನ್ನು ಹೊರಗೆ ತೆಗೆದು ಮೂಸಿದ. ಕೊಬ್ಬರಿ ಒಯ್ಯಬಾರದಂತೆ, ಬೆಂಕಿ ಹಿಡಿಯುತ್ತದಂತೆ. “ಇದು ಕೊಬ್ಬರಿ ಅಲ್ಲ, ಗೆರಟೆ” ಎಂದೆ. ಉತ್ತರದ ಕಡೆಯ ಹುಡುಗ, ಅವನಿಗೆ ತಿಳಿಯಲಿಲ್ಲ. ಕೊನೆಗೆ ನಾನೇ ಕೈಗೆ ತೆಗೆದುಕೊಂಡು ಟಕಟಕ ಬಡಿದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು, ಯಾರದ್ದೋ ಸೊಂಟದಲ್ಲಿದ್ದ ಕೂಸೂ ತಿರುಗಿತು. ಅವನು ನಕ್ಕು ಬಿಟ್ಟುಕೊಟ್ಟ. ನಾನೂ ಮನಸ್ಸು ಬಿಚ್ಚಿ ನಕ್ಕೆ.

ಶಾರ್ಜಾ, ಮೊದಲ ವಾರ

ಹನ್ನೊಂದನೇ ಮಾಳಿಗೆಯ ಮನೆ. ಕಿಟಕಿ ತೆರೆಯುವ ಹಾಗಿಲ್ಲ, ತೆರೆದರೆ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಲಿಫ್ಟಿನಲ್ಲಿ ಸಿಗುವವರು ಚೆನ್ನಾಗಿ ಸಲಾಂ ಹೇಳುತ್ತಾರೆ, ಆದರೆ ಯಾವ ಮನೆಯವರು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮಲ್ಲಿ ಹೊಸಬರು ಬಸ್ಸಿನಿಂದ ಇಳಿದರೆ ಸಾಕು, ಯಾರ ಮನೆಗೆ, ಏನು ಸಂಬಂಧ, ಎಷ್ಟು ದಿನಕ್ಕೆ ಎಂದು ಅಂಗಡಿ ದಾಟುವುದರೊಳಗೆ ಜಾತಕ ತಯಾರಾಗುತ್ತದೆ. ಅದು ನನಗೆ ಉಪದ್ರವ ಎನಿಸುತ್ತಿತ್ತು. ಇಲ್ಲಿ ನಾಲ್ಕು ದಿನದಲ್ಲೇ ಅದಕ್ಕೆ ಹಂಬಲಿಸಿದೆ.

ಮನೆಯೊಳಗೆ ನಾನು ಮೂಗಿಯಾಗಿದ್ದೆ. ಶ್ವೇತಾ ಬಂದರಿನ ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ಪ್ರಶಾಂತ ಮೂಡುಬಿದಿರೆಯವನು. ಎಸಿ ರಿಪೇರಿ ಮಾಡುವ ಕಂಪೆನಿಯಲ್ಲಿ ಸೂಪರ್‌ವೈಸರ್. ಇಬ್ಬರೂ ಮನೆಗೆ ಬಂದ ಮೇಲೆ ಮಗುವಿನ ಎದುರು ಕಷ್ಟಪಟ್ಟು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುತ್ತಿದ್ದರು. ಜಗಳ ಬಂದಾಗ ಮಾತ್ರ ಅಡುಗೆ ಕೋಣೆಗೆ ಹೋಗಿ ಬಾಗಿಲು ಹಾಕಿ ತುಳುವಿನಲ್ಲಿ ಆಡಿಕೊಂಡು ಬರುತ್ತಿದ್ದರು. ನಾನು ಮಗುವಿಗೆ ಉಣ್ಣಿಸುವಾಗ, ಸ್ನಾನ ಮಾಡಿಸುವಾಗ ಬಾಯಿ ಬಿಗಿಹಿಡಿದು ಕೂರಬೇಕಿತ್ತು. ಮೂವತ್ತೊಂದು ವರ್ಷ ಮಕ್ಕಳ ಎದುರು ಒಂದು ನಿಮಿಷ ಬಾಯಿ ಮುಚ್ಚದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಆದ್ಯಾ ಮೂರನೇ ದಿನಕ್ಕೆ ನನಗೆ ಅಂಟಿಕೊಂಡಳು. ಚುರುಕು ಹುಡುಗಿ. ನಾನು ಚಾಪೆ ಮಡಚಿದರೆ ಅವಳೂ ತನ್ನ ಟವೆಲು ಮಡಚುತ್ತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಅಷ್ಟು ಗಮನವಿಟ್ಟು ನನ್ನನ್ನು ನೋಡಿದ ಮಗು ಬೇರೆ ಇಲ್ಲ. ನಾನು ನಕ್ಕರೆ ಓಡಿಬಂದು ನನ್ನ ಗಂಟಲಿನ ಮೇಲೆ ಅಂಗೈ ಇಡುವುದು ಅವಳ ಒಂದು ಚಾಳಿ. ಮುದ್ದು ಬಂದು ಇನ್ನೂ ಜೋರಾಗಿ ನಗುತ್ತಿದ್ದೆ.

ಫ್ರಿಜ್ಜಿನ ಬಾಗಿಲ ತುಂಬ ಬಣ್ಣದ ಸ್ಟಿಕ್ಕರುಗಳು. ಆಟದ ಕ್ಲಾಸಿನಲ್ಲಿ ಪ್ರತಿ ಸಲ ಒಂದು ಕೊಡುತ್ತಾರಂತೆ. ಒಂದರಲ್ಲಿ ಕೈ, ಒಂದರಲ್ಲಿ ಹೂ, ಮೂರು ನಾಲ್ಕರಲ್ಲಿ ನಗುವ ಕಿವಿಯ ಚಿತ್ರ. ಕಿವಿ ಯಾಕೆಂದು ಮಗು ಮಲಗಿದ ಮೇಲೆ ಕೇಳಿದೆ.

“ಟೀಚರ್ ಹೇಳಿದ್ದನ್ನು ಚಂದ ಮಾಡಿ ಕೇಳಿಸಿಕೊಂಡ ಮಗುವಿಗೆ ಅದು” ಎಂದಳು ಶ್ವೇತಾ. ಹೇಳುವಾಗ ಅವಳ ಮುಖ ಅರಳಿತ್ತು.

ಆಟದ ಕ್ಲಾಸು

ಶುಕ್ರವಾರ ಕಾರಿನಲ್ಲಿ ಹೋಗುವಾಗ, ಮಗುವಿಗೆ ಜೊಂಪು ಹತ್ತಿದ ಮೇಲೆ, ಪ್ರಶಾಂತ ಹೇಳಿದ. “ಮಾಮಿ, ನಿಮಗೆ ಅಂಗನವಾಡಿಯಲ್ಲಿ ಒಂದು ತಿಂಗಳಿಗೆ ಕೊಡ್ತಿದ್ರಲ್ಲ, ಅದರಲ್ಲಿ ಇಲ್ಲಿ ನಾಲ್ಕು ದಿವಸದ ಆಟ ಬರ್ತದೆ.” ತಮಾಷೆಗೆ ಹೇಳಿದ್ದು. ಆದರೆ ಕನ್ನಡಿಯಲ್ಲಿ ಕಂಡ ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಶ್ವೇತಾ ಕೆಲಸಕ್ಕೆ ಸೇರಿದ್ದೇ ಈ ಫೀಸಿಗಾಗಿ ಎಂದು ಅವನ ಮುಂದಿನ ಮಾತಿನಿಂದ ನನಗೆ ಗೊತ್ತಾಯಿತು. ಮಗುವಿನ ಜೊತೆ ಮುಕ್ಕಾಲು ಗಂಟೆ ಚೆನ್ನಾಗಿ ಕಳೆಯಲು, ವಾರವಿಡೀ ಮಗುವನ್ನು ಕೆಳಗಿನ ಮಾಳಿಗೆಯ ಒಬ್ಬ ಮಲಯಾಳಿ ಹೆಂಗಸಿನ ಟಿವಿಯ ಎದುರು ಬಿಟ್ಟು ದುಡಿಯುತ್ತಿದ್ದಳು.

ಕ್ಲಾಸು ಒಂದು ಮಾಲಿನ ಒಳಗೆ. ಬರಿಗಾಲಿನಲ್ಲಿ ಬಿಡುವುದಿಲ್ಲ, ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ ಅಲ್ಲಿಯೇ ಕೊಂಡು ಹಾಕಬೇಕು. ನನ್ನ ಕಾಲುಂಗುರಕ್ಕೆ ಅದು ಸಿಕ್ಕಿ, ಎಳೆದಾಗ ಹರಿಯಿತು. ಬಾಗಿಲ ಹುಡುಗಿ ಒಂದು ಮಾತಾಡದೆ ಎರಡನೇ ಜೊತೆ ಕೊಟ್ಟಳು, ಅದಕ್ಕೂ ದುಡ್ಡು ಹಿಡಿದಳು.

ಒಳಗೆ ಮೆತ್ತನೆಯ ಚಾಪೆ, ಒಂದು ಗೋಡೆಯಿಡೀ ಕನ್ನಡಿ. ಒಂದು ತಟ್ಟೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಕಡಲೆಬೇಳೆ. ಮಕ್ಕಳು ಅದನ್ನು ಲೋಟದಿಂದ ಲೋಟಕ್ಕೆ ಸುರಿಯಬೇಕು, ಚೆಲ್ಲಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನಮ್ಮ ಅಂಗನವಾಡಿಯಲ್ಲಿ ಅಕ್ಕಿ ಚೆಲ್ಲಿದ ಮಗುವಿಗೆ ಏನು ಸಿಗುತ್ತಿತ್ತು ಎಂದು ನಾನಿಲ್ಲಿ ಬರೆಯುವುದಿಲ್ಲ. ಮೂಲೆಯಲ್ಲಿ ಮರಳಿನ ತೊಟ್ಟಿ. ಹೊರಗೆ ಊರು ತುಂಬ ಮರಳು, ಒಳಗೆ ಚೀಲದಿಂದ ತೆಗೆದು ಹಾಕಿದ ಮರಳಿಗೆ ಫೀಸು. ನನಗೆ ಒಳಗೊಳಗೇ ಸಿಟ್ಟು ಬಂತು.

ಆದರೆ ಟೀಚರು ಕೆಟ್ಟವಳಲ್ಲ. ಯಾವುದೋ ತಣ್ಣನೆಯ ದೇಶದ ಹುಡುಗಿ. ಗಂಟಲು ಬಿದ್ದುಹೋಗುವಷ್ಟು ಹಾಡುತ್ತಿದ್ದಳು. ಅಮ್ಮಂದಿರು ಅರ್ಧ ಹೊತ್ತು ಮಗುವನ್ನು ನೋಡಿದ್ದು ಫೋನಿನ ಗಾಜಿನ ಮೂಲಕ. ನನ್ನ ಪಕ್ಕ ಬುರ್ಖಾ ತೊಟ್ಟ ಒಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಬೆನ್ನು ನೋವಿಗೆ “ಅಯ್ಯೋ ದೇವರೇ” ಎಂದು ತುಳುವಿನಲ್ಲಿ ನರಳಿದ್ದೇ ತಡ, “ನಿಮಗೆ ಯಾವೂರು?” ಎಂದು ತುಳುವಿನಲ್ಲೇ ಕೇಳಿದರು. ಹೆಸರು ನಫೀಸಾ, ವಿಟ್ಲದ ಹತ್ತಿರದ ಕನ್ಯಾನದವರು. ಒಂದು ವಾರದ ಮೌನ ಮುರಿದು ಇಬ್ಬರೂ ಬಾಯಿ ತುಂಬ ಮಾತಾಡಿದೆವು. ನಾನು ಅಂಗನವಾಡಿಯಲ್ಲಿದ್ದೆ ಎಂದ ಮೇಲೆ ಅವರು ನನ್ನನ್ನು ಟೀಚರೇ ಎಂದೇ ಕರೆದದ್ದು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಹಾಡು ಹಾಕುತ್ತಾರೆ, ಮಕ್ಕಳು ಕುಣಿಯಬೇಕು; ಹಾಡು ನಿಂತ ಕೂಡಲೇ ಅಲ್ಲಾಡದೆ ನಿಲ್ಲಬೇಕು. ಆದ್ಯಾ ಎರಡು ಸಲ ಚೆನ್ನಾಗಿ ನಿಂತಳು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಮೂರನೇ ಸಲ ಅವಳು ಕುಣಿಯುತ್ತ ಕುಣಿಯುತ್ತ ಎಲ್ಲರಿಗೂ ಬೆನ್ನು ಹಾಕಿ ಒಂದು ಖಾಲಿ ಗೋಡೆಯ ಕಡೆ ತಿರುಗಿದ್ದಳು. ಹಾಡು ನಿಂತಿತು. ಮಕ್ಕಳೆಲ್ಲ ನಿಂತರು. ಆದ್ಯಾ ಮಾತ್ರ ಕುಣಿಯುತ್ತಲೇ ಇದ್ದಳು. ಸದ್ದಿಲ್ಲದ ಕೋಣೆಯಲ್ಲಿ ಅವಳ ಕಾಲುಚೀಲದ ಪಟಪಟ ಮಾತ್ರ. ಅಮ್ಮಂದಿರು ನಕ್ಕರು. ಟೀಚರು “ಆದ್ಯಾ!” ಎಂದು ಕೂಗಿದಳು, ಮತ್ತೊಮ್ಮೆ ಕೂಗಿದಳು. ಮಗು ತನ್ನಷ್ಟಕ್ಕೆ ಕುಣಿಯಿತು. ಶ್ವೇತಾ ನಗುತ್ತ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದಳು.

ನಫೀಸಾ ನಗಲಿಲ್ಲ. ನನ್ನ ಮೊಣಕೈ ಹಿಡಿದು ಮೆಲ್ಲ ಹೇಳಿದರು. “ಟೀಚರೇ, ಮಗುವಿಗೆ ಕೇಳ್ತದಲ್ವಾ?”

ಮನೆಗೆ ಬಂದ ಮೇಲೆ

ಮರುದಿನ ಬೆಳಿಗ್ಗೆ ಶ್ವೇತಾ ಆಫೀಸಿಗೆ ಹೋದ ಮೇಲೆ ಆದ್ಯಾಳನ್ನು ಆಟಿಕೆಗಳ ಮುಂದೆ ಕೂರಿಸಿದೆ. ಅವಳ ಬೆನ್ನ ಹಿಂದೆ, ನೆರಳು ಬೀಳದ ಹಾಗೆ ನಿಂತು ಗೆರಟೆ ಬಡಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಬಡಿದೆ. ಕಿವಿಯ ಒಂದು ಗೇಣಿನಲ್ಲಿ ಬಡಿದೆ. ಮಗು ಒಂದು ಹಳದಿ ಬ್ಲಾಕಿನ ಮೇಲೆ ಇನ್ನೊಂದು ಹಳದಿ ಬ್ಲಾಕ್ ಇಡುತ್ತಿತ್ತು. ಶರತ್ತು ಮರೆತು “ಆದ್ಯಾ, ಓ ಮಗಾ” ಎಂದು ಊರಿಗೆ ಕೇಳುವ ಹಾಗೆ ಕರೆದೆ. ನನ್ನ ಕಾಲು ಬಡಿದು ನೆಲ ಅದುರಿದಾಗ ಮಾತ್ರ ತಿರುಗಿ ನೋಡಿ, ಕೈ ಚಾಚಿ ನಕ್ಕಳು. ಗೆರಟೆ ಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಇನ್ನೊಂದರಿಂದ ಬಡಿದಳು. ಮತ್ತೆ ಮತ್ತೆ ಬಡಿದಳು. ಸದ್ದು ಅವಳಿಗೆ ಎದೆಯಲ್ಲಿ ಸಿಗುತ್ತಿತ್ತು. ನನ್ನ ಗಂಟಲಿನ ಮೇಲೆ ಅಂಗೈ ಇಡುತ್ತಿದ್ದುದು ಯಾಕೆಂದು ಆಗ ತಿಳಿಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಸಂಜೆ ಹೇಳಿದಾಗ ಶ್ವೇತಾ ಸಿಡಿದುಬಿದ್ದಳು.

“ಒಂದು ವರ್ಷದಿಂದ ಕ್ಲಾಸಿಗೆ ಹೋಗ್ತಿದ್ದೇವೆ. ಕಲಿತ ಟೀಚರಿಗೆ ಗೊತ್ತಾಗದ್ದು ನಿನಗೆ ಒಂದು ವಾರದಲ್ಲಿ ಗೊತ್ತಾಯ್ತಾ? ಕಿವಿಯ ಸ್ಟಿಕ್ಕರ್ ಸುಮ್ಮನೆ ಕೊಡ್ತಾರಾ?”

“ಅವಳು ಬೇರೆ ಮಕ್ಕಳನ್ನು ನೋಡಿ ಮಾಡುವುದು ಮಗ. ನೀನೊಮ್ಮೆ ಹಿಂದಿನಿಂದ ಕರೆದು ನೋಡು.”

“ಕರೆದ್ರೆ ಬರುವುದಿಲ್ಲ ಅಂತ ನನಗೂ ಗೊತ್ತುಂಟು. ಹಟ ಅದು! ನೀನು ಬಂದದ್ದೇ ನನ್ನ ತಪ್ಪು ಹುಡುಕಲಿಕ್ಕಾ?”

ಪ್ರಶಾಂತ ಎದ್ದು ಅಡುಗೆ ಕೋಣೆಯಿಂದ ಒಂದು ಸ್ಟೀಲಿನ ಬಟ್ಟಲು, ಸೌಟು ತಂದ. ಮಗುವಿನ ಹಿಂದೆ ನಿಂತು ಬಡಿದ. ನನಗೇ ಕಿವಿ ಗುಂಯ್ ಎಂದಿತು. ಮಗು ಬಾಳೆಹಣ್ಣು ತಿನ್ನುತ್ತಿತ್ತು. ಅವನು ಬಡಿಯುತ್ತಲೇ ಇದ್ದ, ಪಕ್ಕದ ಮನೆಯವರು ಗೋಡೆ ತಟ್ಟುವವರೆಗೆ. ಶ್ವೇತಾ ಅವನ ಕೈಯಿಂದ ಸೌಟು ಕಿತ್ತುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಅಂದಿನಿಂದ ಮತ್ತೆ ತುಳು ಶುರುವಾಯಿತು. ಯಾರಿಗಾಗಿ ನಿಲ್ಲಿಸಿದ್ದರೋ ಅವಳಿಗೆ ಯಾವ ಭಾಷೆಯೂ ಮುಟ್ಟಿರಲಿಲ್ಲ.

ಆಸ್ಪತ್ರೆ

ಮಗುವನ್ನು ಮಲಗಿಸಿ, ತಲೆಗೆ ವಯರು ಅಂಟಿಸಿ ಎರಡು ಗಂಟೆ ನೋಡಿದರು. ಡಾಕ್ಟರು ನಮ್ಮ ದೇಶದ ಹೆಂಗಸೇ, ಮಾತು ಇಂಗ್ಲಿಷಿನಲ್ಲಿ. ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ಏನೂ ಇಲ್ಲವೆನ್ನುವಷ್ಟು ಕಡಿಮೆ ಎಂದು ಶ್ವೇತಾ ನನಗೆ ತಿರುಗಿಸಿ ಹೇಳಿದಳು, ಬೇರೆ ಯಾರದೋ ಮಗುವಿನ ವಿಷಯ ಹೇಳುವವಳ ದನಿಯಲ್ಲಿ. ಆಪರೇಷನ್ ಮಾಡಿ ಯಂತ್ರ ಕೂರಿಸಬಹುದು. ಆಮೇಲೂ ಕೇಳಿಸಿಕೊಳ್ಳುವುದನ್ನು ವರ್ಷಗಟ್ಟಲೆ ಕಲಿಸಬೇಕು. ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗಿದ್ದರೆ ಇಷ್ಟರಲ್ಲಿ ಮಾತು ಬಂದಿರುತ್ತಿತ್ತು, ಹೋದ ಕಾಲ ಮಿದುಳಿಗೆ ದೊಡ್ಡ ನಷ್ಟ ಎಂದರು.

ಮತ್ತೆ ಡಾಕ್ಟರು ಏನೋ ಕೇಳಿದರು. ಶ್ವೇತಾ ನನ್ನ ಕಡೆ ತಿರುಗಿದಳು.

“ಅಮ್ಮ, ಹುಟ್ಟಿದಾಗ ಅಲ್ಲಿ ಕಿವಿ ಪರೀಕ್ಷೆ ಮಾಡಿದ್ದಾರಾ ಅಂತ ಕೇಳ್ತಿದ್ದಾರೆ. ನಾನು ಮಲಗಿಯೇ ಇದ್ದೆ. ನಿನಗೆ ಗೊತ್ತುಂಟಾ?”

ನನಗೆ ಗೊತ್ತಿತ್ತು. ಆ ಗಳಿಗೆಯವರೆಗೆ ನೆನಪಾಗಿರಲಿಲ್ಲ, ಕೇಳಿದ ಕೂಡಲೇ ಎಲ್ಲ ಎದ್ದುಬಂತು. ಹೆರಿಗೆಯಾದ ಮೂರನೇ ದಿನ, ಮನೆಗೆ ಹೊರಡುವ ಗಡಿಬಿಡಿ. ಶ್ವೇತಾ ನಿದ್ರೆಯಲ್ಲಿದ್ದಳು. ನರ್ಸು ಒಂದು ಸಣ್ಣ ಯಂತ್ರ ಮಗುವಿನ ಕಿವಿಗೆ ಇಟ್ಟು ನೋಡಿ, ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟಿದ್ದಳು. “ಕಿವಿಯದ್ದು ಸರಿ ಬರ್ಲಿಲ್ಲ ಅಜ್ಜಿ. ಒಳಗೆ ನೀರು ಇರಬಹುದು. ಮೂರು ವಾರ ಬಿಟ್ಟು ಖಂಡಿತ ಕರ್ಕೊಂಡು ಬನ್ನಿ” ಎಂದಿದ್ದಳು. ನಮ್ಮ ಮನೆಯಲ್ಲಿ ಬಾಣಂತಿ ಮತ್ತು ಕೂಸು ನಲವತ್ತು ದಿನ ಹೊಸ್ತಿಲು ದಾಟುವ ಕ್ರಮವಿಲ್ಲ. ಗಾಳಿ, ದೃಷ್ಟಿ, ಶೀತ. ನಲವತ್ತು ಕಳೆಯಲಿ, ಕಿವಿ ಎಲ್ಲಿಗೆ ಓಡಿ ಹೋಗುತ್ತದೆ ಎಂದುಕೊಂಡೆ. ನಲವತ್ತು ಕಳೆಯಿತು, ತೊಟ್ಟಿಲು ಶಾಸ್ತ್ರ ಬಂತು, ನೆಂಟರು ಬಂದರು. ಚೀಟಿಯ ಮಾತು ಮನಸ್ಸಿನಿಂದ ಬಿದ್ದುಹೋಯಿತು. ಊರಿನ ಮನೆಮನೆಗೆ ಹೋಗಿ ಚುಚ್ಚುಮದ್ದಿಗೆ ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದವಳು ನಾನು.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನೆನಪಿಲ್ಲ ಮಗ” ಎಂದೆ.

ಕೊನೆಯ ಕ್ಲಾಸು

ಫೀಸು ಕೊಟ್ಟಾಗಿದ್ದ ಒಂದು ಕ್ಲಾಸು ಉಳಿದಿತ್ತು. ಬೇಡವೆಂದರೂ ಶ್ವೇತಾ ಹೊರಟಳು. ಚಾಪೆಯ ಮೇಲೆ ಟೀಚರಿಗೆ ಎಲ್ಲ ಹೇಳಿದಳು. ಮಗಳು ಕೂಗಾಡುತ್ತಾಳೆ ಎಂದು ನಾನು ಹೆದರಿದ್ದೆ. ಕೂಗಾಡಲಿಲ್ಲ. ಟೀಚರು ಮುಖ ಕೆಂಪಾಗಿ, ಮೊಣಕಾಲೂರಿ ಕೂತುಬಿಟ್ಟಳು. ತಾವು ಮಾಡಿದ್ದನ್ನೆಲ್ಲ ಇವಳು ಮಾಡುತ್ತಿದ್ದಳು, ನೋಡಿ ಕಲಿಯುವುದರಲ್ಲಿ ಇವಳಷ್ಟು ಜಾಣೆ ಬೇರೆ ಇರಲಿಲ್ಲ ಎಂದಳಂತೆ. ತಾನು ಆಟ ಆಡಿಸುವವಳು, ಡಾಕ್ಟರಲ್ಲ ಎಂದೂ ಹೇಳಿದಳಂತೆ. ಅದೂ ಸುಳ್ಳಲ್ಲ.

ಅಷ್ಟು ದುಡ್ಡು ನೀರಿಗೆ ಹೋಯಿತು ಎಂದು ಪ್ರಶಾಂತ ಹೇಳುತ್ತಾನೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಶ್ವೇತಾಳಿಗೆ ವಾರದಲ್ಲಿ ನಾಲ್ಕು ಹೆಂಗಸರ ಮುಖ ಕಾಣುತ್ತಿದ್ದುದು ಅಲ್ಲಿ ಮಾತ್ರ. ಮಗು ಬೇರೆ ಮಕ್ಕಳ ನಡುವೆ ಇದ್ದದ್ದು ಅಲ್ಲಿ ಮಾತ್ರ. ಅಲ್ಲಿಯ ಹಾಡು ನಿಂತದ್ದರಿಂದಲೇ ನನಗೆ ಸತ್ಯ ಕಂಡದ್ದು. ಆದರೆ ನಮ್ಮ ಊರಿನ ಆಸ್ಪತ್ರೆ ಒಂದು ಪೈಸೆ ಕೇಳದೆ ಕೊಟ್ಟ ಚೀಟಿಯ ಬೆಲೆ ಇದೆಲ್ಲಕ್ಕಿಂತ ಹೆಚ್ಚಿತ್ತು. ಅದನ್ನು ಹೇಳುವ ಧೈರ್ಯ ನನಗೆ ಆ ಚಾಪೆಯ ಮೇಲೆ ಬರಲಿಲ್ಲ.

ಹೊರಗೆ ನಫೀಸಾ ನನ್ನ ಎರಡೂ ಕೈ ಹಿಡಿದುಕೊಂಡರು. “ನೀವು ಬಂದದ್ದರಿಂದ ಮಗು ಬಚಾವಾಯ್ತು ಟೀಚರೇ” ಎಂದರು. ಆ ಹೊಗಳಿಕೆಯನ್ನು ನಾನು ಕಳ್ಳಮಾಲು ಕೊಂಡವಳಂತೆ ತೆಗೆದುಕೊಂಡೆ. ಒಳಗೆ ಆದ್ಯಾಳ ಎದೆಗೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಕಳಿಸಿದ್ದರು. ಈ ಸಲ ಹೂವಿನದ್ದು.

ಮರಳಿ ವಾಮದಪದವಿಗೆ

ಆಪರೇಷನ್ನು ಊರಿನಲ್ಲೇ ಮಾಡಿಸುವುದೆಂದು ತೀರ್ಮಾನವಾಯಿತು. ಶ್ವೇತಾ ಕೆಲಸ ಬಿಟ್ಟು ಮಗುವಿನೊಂದಿಗೆ ಬರುವುದು, ಪ್ರಶಾಂತ ಅಲ್ಲೇ ದುಡಿಯುವುದು. ಆಪರೇಷನ್ನು, ಆಮೇಲಿನ ಕಲಿಕೆ ಎಲ್ಲ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರುತ್ತೇನೆ ಎಂದಳು. “ನೀನು ಇದ್ದರೆ ನನಗೆ ಧೈರ್ಯ ಅಮ್ಮ. ನೀನು ಬಾರದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ” ಎಂದು ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡಳು. ಮನೆ ಸರಿಮಾಡಿಡಲು ನಾನು ಮುಂದಾಗಿ ಹೊರಟೆ. ಗೆರಟೆಯನ್ನು ಮಗು ಬಿಡಲಿಲ್ಲ, ಅಲ್ಲೇ ಬಿಟ್ಟುಬಂದೆ.

ಮನೆಗೆ ತಲುಪಿ ಮೊದಲು ತೆರೆದದ್ದು ಕಪಾಟು. ಹೆರಿಗೆಯ ಫೈಲು ಸೀರೆಗಳ ಕೆಳಗಿತ್ತು. ಚೀಟಿಯೂ ಇತ್ತು. ಒಂದು ಬದಿಯಲ್ಲಿ ನರ್ಸಿನ ಅಕ್ಷರ: ಕಿವಿ ಪರೀಕ್ಷೆ ಮತ್ತೊಮ್ಮೆ, ಮೂರು ವಾರ ಬಿಟ್ಟು. ಕೆಳಗೆ ಎರಡು ಗೆರೆ ಎಳೆದಿದ್ದಳು. ತಿರುಗಿಸಿದೆ. ಹಿಂದೆ ನನ್ನ ಅಕ್ಷರ: ಓಮ, ಕರಿಮೆಣಸು, ಬೆಳ್ಳುಳ್ಳಿ, ಓಲೆಬೆಲ್ಲ, ಎಳ್ಳೆಣ್ಣೆ. ಬಾಣಂತಿ ಮದ್ದಿನ ಸಾಮಾನಿಗೆ ಕಾಗದ ಬೇಕಿತ್ತು, ಕೈಗೆ ಸಿಕ್ಕಿದ್ದು ಇದು. ಆ ಚೀಟಿಯನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ ಬಂದಿದ್ದೆ.

ಗಂಡನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ಎರಡೂ ಬದಿ ಓದಿದರು. “ಇದನ್ನು ಒಲೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ” ಎಂದರು. ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, “ಹಾಕ್ಬೇಡ” ಎಂದರು.

ಬೆಳ್ತಂಗಡಿ

ಹರಕೆ ಬಾಕಿ ಇತ್ತಲ್ಲ, ಒಂದು ಬೆಳಿಗ್ಗೆ ಹೊರಟೆ. ದೇವಸ್ಥಾನದ ಹತ್ತಿರ ಮಣ್ಣಿನ ಹರಕೆ ಮಾರುವ ಹೆಂಗಸು “ಎಂಥದ್ದು ಬೇಕಕ್ಕ?” ಎಂದು ಕೇಳಿದಳು.

“ಕಿವಿ ಉಂಟಾ? ಎರಡು ಕೊಡಿ.”

ಕೊಟ್ಟಳು. ಬಿಸ್ಕತ್ತಿನ ಬಣ್ಣದ ಪುಟ್ಟ ಕಿವಿಗಳು.

“ಮತ್ತೆ?”

“ಒಂದು ನಾಲಿಗೆ.”

ಹರಕೆ ಒಪ್ಪಿಸುವ ಬನದ ಮರಗಳ ಕೆಳಗೆ ಹಳೆಯ ಹರಕೆಗಳು ರಾಶಿ ಬಿದ್ದು ಪಾಚಿ ಹಿಡಿದಿದ್ದವು. ಮಗು, ಮನೆ, ಕಾಲು, ಈಗ ಕಾರು ಕೂಡ. ಕಿವಿಗಳನ್ನು ಆದ್ಯಾಳ ಹೆಸರು ಹೇಳಿ ಇಟ್ಟೆ. ನಾಲಿಗೆಯನ್ನೂ ಅವಳ ಹೆಸರಿನಲ್ಲೇ ಹೇಳಿಕೊಂಡಿದ್ದೆ, ಆದರೆ ಇಡುವಾಗ ನನ್ನ ಹೆಸರು ಹೇಳಿದೆ. ಬೇಕಾದ ಹೊತ್ತಿಗೆ ಹೊರಳದೆ ಹೋದದ್ದು ನನ್ನ ನಾಲಿಗೆ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಚೀಟಿಯ ಎರಡೂ ಬದಿಯ ಫೋಟೋ ತೆಗೆದು ಶ್ವೇತಾಳಿಗೆ ಕಳಿಸಿದೆ. ಕೆಳಗೆ ಬರೆದೆ: ‘ನರ್ಸು ನನ್ನ ಕೈಗೆ ಕೊಟ್ಟಿದ್ದಳು. ನಾನು ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಯಲ್ಲಿ ನೆನಪಿಲ್ಲ ಅಂದದ್ದು ಸುಳ್ಳು.’ ಅವಳು ನೋಡಿದಳು ಎಂಬ ಗುರುತು ಕೂಡಲೇ ಬಿತ್ತು. ಉತ್ತರ ಬರಲಿಲ್ಲ. ಅರ್ಧ ಗಂಟೆ ಕಾದೆ. ಎದ್ದು ಬೆಳ್ತಂಗಡಿಗೆ ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಫೋನು ಅದುರಿತು. ಅಮ್ಮ ಎಂಬ ಕರೆ ಇರಲಿಲ್ಲ. ಎರಡೇ ಸಾಲು.

‘ಹದಿನಾಲ್ಕಕ್ಕೆ ಬರ್ತೇವೆ. ಏರ್‌ಪೋರ್ಟಿಗೆ ನೀನು ಬರುವುದು ಬೇಡ, ನಾವು ಸೀದಾ ಮೂಡುಬಿದಿರೆಗೆ ಅತ್ತೆಯ ಮನೆಗೆ ಹೋಗ್ತೇವೆ.’

ಎದುರಿಗೇ ಮೂಡುಬಿದಿರೆಯ ಬಸ್ಸು ನಿಂತಿತ್ತು. ಕಂಡಕ್ಟರು “ಹತ್ತಿ ಅಮ್ಮ, ಸೀಟು ಉಂಟು” ಎಂದು ಬಾಗಿಲು ಬಡಿದು ಕರೆಯುತ್ತಿದ್ದ. ಆ ಬಡಿತ ನನ್ನ ಎದೆಗೆ ತಾಗುತ್ತಿತ್ತು. ಅದು ಹೊರಟುಹೋಗುವವರೆಗೆ ನಿಂತು ನೋಡಿ, ನಾನು ಬಂಟ್ವಾಳದ ಬಸ್ಸು ಹತ್ತಿದೆ.